ರದ್ದತಿಗೆ ಅವಕಾಶವಿಲ್ಲ

ನವೆಂಬರ್ 3, ಸೋಮವಾರ

ಬಿಪಿ ನೋಡಿದ ಡಾಕ್ಟರು ಮಾತ್ರೆ ಬರೆದುಕೊಟ್ಟರು, ಜೊತೆಗೊಂದು ಪುಕ್ಕಟೆ ಸಲಹೆಯನ್ನೂ ಕೊಟ್ಟರು. "ಪ್ರಸನ್ನಕುಮಾರ್, ಮನಸ್ಸಲ್ಲಿರೋದನ್ನ ಬರೆದಿಡಿ, ಒಳಗೇ ಕುದಿಸ್ಬೇಡಿ" ಎಂದರು. ನಾನು ಕುದಿಯುವ ಜಾತಿಯವನಲ್ಲ. ಮಾಚೇನಹಳ್ಳಿಯ ನನ್ನ ವರ್ಕ್‌ಶಾಪಿಗೆ ಹೋಗಿ ಯಾರನ್ನು ಬೇಕಾದರೂ ಕೇಳಲಿ, ಇವರು ದನಿ ಎತ್ತರಿಸುವುದೇ ಇಲ್ಲ ಎನ್ನುತ್ತಾರೆ. ಅಡಿಕೆ ಸುಲಿಯುವ ಯಂತ್ರಕ್ಕೆ ಬ್ಲೇಡು ಮಾಡುವವನಿಗೆ ತಾಳ್ಮೆ ಇಲ್ಲದಿದ್ದರೆ ಬೆರಳು ಉಳಿಯುವುದಿಲ್ಲ. ಆದರೂ ಡಾಕ್ಟರು ಹೇಳಿದ್ದಾರೆ, ಬರೆಯುತ್ತೇನೆ.

ಇವತ್ತು ಮಧ್ಯಾಹ್ನ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಪ್ರಯಾಣಿಕರು ರಶ್ಮಿ. ಶಿವಮೊಗ್ಗದಿಂದ ಬೆಳಗಾವಿ, ಎಸಿ ಸ್ಲೀಪರ್ ಕೋಚ್, ಡಿಸೆಂಬರ್ 12, ರಾತ್ರಿ ಎಂಟು ಗಂಟೆ. ದರದ ಬಗೆ: ಫ್ಲೆಕ್ಸಿ.

ರಶ್ಮಿ ನನ್ನ ಹೆಂಡತಿ. ಬೆಳಗಾವಿಯಲ್ಲಿರುವುದು ಅವಳ ತಂಗಿ ಕವನ. ಆ ತಂಗಿಯ ಬಾಯಿ ಸರಿ ಇಲ್ಲ, ಅವಳ ಜೊತೆ ಮಾತಾಡಿದ ದಿನವೆಲ್ಲ ರಶ್ಮಿ ಮುಖ ಊದಿಸಿಕೊಂಡಿರುತ್ತಾಳೆ, ಅದಕ್ಕೇ ಮಾತು ಕಡಿಮೆ ಮಾಡು ಎಂದು ನಾನೇ ಹೇಳಿದ್ದೆ. ರಶ್ಮಿಯ ಫೋನಿನಲ್ಲಿ ಬ್ಯಾಂಕು, ಗ್ಯಾಸು, ಬಸ್ಸು ಎಲ್ಲಕ್ಕೂ ನನ್ನ ನಂಬರನ್ನೇ ಹಾಕಿಕೊಟ್ಟಿದ್ದೇನೆ, ಅವಳಿಗೆ ಅನುಕೂಲವಾಗಲಿ ಎಂದು. ಪಾಪ, ಅದು ಮರೆತುಹೋಗಿರಬೇಕು.

ಸಂಜೆ ನೇರವಾಗಿ ಕೇಳಿಬಿಡೋಣ ಎಂದುಕೊಂಡೇ ಭದ್ರಾವತಿಯ ನ್ಯೂ ಟೌನಿನ ಮನೆಗೆ ಬಂದೆ. ಅವಳು ಎಡಗೈಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ದೀಪಾವಳಿಯ ದಿನ ಬಚ್ಚಲುಮನೆಯ ಬಾಗಿಲು ಬಡಿದು ಬಲಗೈ ಮಣಿಕಟ್ಟು ಊದಿಕೊಂಡದ್ದು ಇನ್ನೂ ಇಳಿದಿಲ್ಲ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ನಾನು ಏನೂ ಅನ್ನದೆ ತಿಂದೆ, ಟಿಕೆಟಿನ ವಿಷಯವನ್ನೂ ಕೇಳಲಿಲ್ಲ. ಮೊದಲು ಫ್ಲೆಕ್ಸಿ ಎಂದರೆ ಏನು ಎಂದು ತಿಳಿಯಬೇಕು.

ನವೆಂಬರ್ 5, ಬುಧವಾರ

ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಎದುರು ಆ ಟ್ರಾವೆಲ್ಸಿನ ಬುಕಿಂಗ್ ಆಫೀಸು ಇದೆ. ಕೌಂಟರಿನಲ್ಲಿ ಕೂರುವವನ ಹೆಸರು ವಾದಿರಾಜ. ಐವತ್ತರ ಆಸುಪಾಸು, ಕನ್ನಡಕ ಹಣೆಯ ಮೇಲೆ, ಮಾತು ಧಾರಾಳ. ಬೆಳಗಾವಿಗೆ ಹೋಗುವುದಿದೆ, ಟಿಕೆಟಿನಲ್ಲಿ ಎಷ್ಟು ಬಗೆ ಎಂದು ಕೇಳಿದೆ.

"ಮೂರು ಥರ ಸಾರ್. ಒಂದು ಸೇವರ್. ಎಲ್ಲಕ್ಕಿಂತ ಕಡಿಮೆ, ಆದ್ರೆ ತಗೊಂಡ್ರೆ ತಗೊಂಡ ಹಾಗೆ. ಕ್ಯಾನ್ಸಲ್ ಇಲ್ಲ, ದಿನ ಬದ್ಲಾಯ್ಸಂಗಿಲ್ಲ, ಒಂದು ರೂಪಾಯಿ ವಾಪಸ್ ಬರಲ್ಲ. ಇನ್ನೊಂದು ಫ್ಲೆಕ್ಸಿ. ಸ್ವಲ್ಪ ಜಾಸ್ತಿ. ಒಂದು ಸಲ ದಿನ ಬದ್ಲಾಯ್ಸಬೋದು. ಮೂರನೇದು ಫುಲ್ ರಿಫಂಡ್. ಬಸ್ ಹೊರಡೋ ಹಿಂದಿನ ದಿನದವರೆಗೂ ಬೇಡ ಅಂದ್ರೆ ದುಡ್ಡು ಪೂರ್ತಿ ವಾಪಸ್. ರೇಟೂ ಹಾಗೇ ಇರುತ್ತೆ ಬಿಡಿ."

"ಅಂದ್ರೆ ಹೋಗೋದು ಗ್ಯಾರಂಟಿ ಇರೋರು ಸೇವರ್ ತಗೋತಾರೆ. ಹೋಗ್ತೀನೋ ಇಲ್ವೋ ಅನ್ನೋರು ರಿಫಂಡ್. ಫ್ಲೆಕ್ಸಿ ಅಂದ್ರೆ?"

"ಹೋಗ್ತೀನಿ, ಆದ್ರೆ ಯಾವತ್ತು ಅಂತ ಗೊತ್ತಿಲ್ಲ ಅನ್ನೋರು" ಎಂದು ನಕ್ಕ. "ಅಯ್ಯೋ ಸಾರ್, ಜನ ಜೇಬು ನೋಡ್ಕೊಂಡು ಟಿಕೆಟ್ ತಗೋತಾರೆ. ಮನಸ್ಸು ನೋಡ್ಕೊಂಡಲ್ಲ."

ಅದು ಅವನ ಅಭಿಪ್ರಾಯ. ಆದರೆ ರಶ್ಮಿಯನ್ನು ನಾನು ಬಲ್ಲೆ. ಕೊತ್ತಂಬರಿ ಸೊಪ್ಪಿನ ದಂಟನ್ನೂ ಬಿಸಾಡದೆ ಚಟ್ನಿಗೆ ಹಾಕುವವಳು ಯೋಚಿಸದೆ ಹೆಚ್ಚು ಕೊಟ್ಟಿರಲಾರಳು. ಹೋಗುವ ಮನಸ್ಸಿದೆ, ದಿನ ಗಟ್ಟಿಯಾಗಿಲ್ಲ. ವಾಪಸ್ ಬರುವ ಟಿಕೆಟನ್ನು ಅವಳು ತೆಗೆದೇ ಇಲ್ಲ, ಅದು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ನನಗೆ ಭಯವಾಗಿದೆ ಎಂದು ಬರೆದರೆ ತಪ್ಪೇನಿಲ್ಲ, ಯಾರೂ ಓದುವುದಿಲ್ಲವಲ್ಲ.

ಇನ್ನೂ ತಿಂಗಳಿಗಿಂತ ಹೆಚ್ಚು ಸಮಯವಿದೆ. ಅವಳ ಮನಸ್ಸು ಬದಲಾಗುವಂತೆ ನಡೆದುಕೊಳ್ಳುತ್ತೇನೆ.

ನವೆಂಬರ್ 9, ಭಾನುವಾರ

ರಶ್ಮಿಯನ್ನು ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಗೆ ಕರೆದುಕೊಂಡು ಹೋಗಿದ್ದೆ. ಮದುವೆಯಾಗಿ ಆರು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಬೇಡ, ತಿದ್ದಬೇಕಾದ ಪೇಪರುಗಳಿವೆ ಎಂದಳು. ಅವಳು ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ, ಯಾವಾಗ ನೋಡಿದರೂ ಪೇಪರು. ನಾನು ಬಿಡಲಿಲ್ಲ.

ಸಫಾರಿ ವ್ಯಾನಿಗೆ ಜಾಲರಿ ಕಿಟಕಿ. ಬಾಗಿಲಿನ ಚಿಲಕ ಹೊರಗಿನಿಂದ. ಅವಳು ಬಾಗಿಲ ಪಕ್ಕದ ಸೀಟಿಗೆ ಹೋದಳು, ನಾನು ಕೈಹಿಡಿದು ಒಳಗಿನ ಸೀಟಿನಲ್ಲಿ ಕೂರಿಸಿದೆ. ಅದು ಊದಿದ ಮಣಿಕಟ್ಟು ಎನ್ನುವುದು ಮರೆತುಹೋಗಿತ್ತು, "ಸ್" ಎಂದಳು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವವರು ಎಲ್ಲ ಕಡೆ ಇರುತ್ತಾರೆ.

ಹುಲಿ ಮರದ ನೆರಳಿನಲ್ಲಿ ಮಲಗಿತ್ತು. ಎಲ್ಲರೂ ಎದ್ದು ನಿಂತು ಫೋಟೋ ತೆಗೆದರು. ರಶ್ಮಿ ಏಳಲೇ ಇಲ್ಲ.

"ನೋಡು ಮಾರಾಯ್ತಿ, ಇಷ್ಟು ದೂರ ಬಂದು ನೋಡದೇ ಇದ್ರೆ ಹೇಗೆ?" ಎಂದೆ.

"ನೋಡಿದೀನಿ" ಎಂದಳು.

ವಾಪಸ್ ಬರುವಾಗ ಐಸ್‌ಕ್ರೀಂ ಕೊಡಿಸಿದೆ. ಪೂರ್ತಿ ತಿಂದಳು. ಒಳ್ಳೆಯ ದಿನ.

ನವೆಂಬರ್ 12, ಬುಧವಾರ

ಸ್ಲೀಪರ್ ಕೋಚ್ ಹತ್ತುವಾಗ ಗುರುತಿನ ಚೀಟಿ ತೋರಿಸಬೇಕೆಂದು ಟಿಕೆಟಿನ ಕೆಳಗೆ ಬರೆದಿದೆ. ಅವಳ ಆಧಾರ್ ಕಾರ್ಡು ಬೀರುವಿನಲ್ಲಿ ಹಾಗೇ ಬಿದ್ದಿತ್ತು. ಕಳೆದುಹೋದರೆ ಕಷ್ಟ, ವರ್ಕ್‌ಶಾಪಿನ ಲಾಕರಿನಲ್ಲಿ ಇಟ್ಟು ಬಂದೆ.

ನವೆಂಬರ್ 14, ಶುಕ್ರವಾರ

"ನನ್ನ ಆಧಾರ್ ನೋಡಿದ್ರಾ?" ಎಂದು ಬೆಳಿಗ್ಗೆ ಕೇಳಿದಳು.

"ಇಲ್ವಲ್ಲ. ಯಾಕೆ, ಎಲ್ಲಿಗಾದ್ರೂ ಬೇಕಿತ್ತಾ?"

"ಸ್ಕೂಲಲ್ಲಿ ಕೇಳಿದ್ರು."

ಸುಳ್ಳು. ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು ಎನ್ನಿಸಿತು. ನಾನು ಚಪ್ಪಲಿಯ ಬಕಲ್ ಹಾಕಿಕೊಳ್ಳುತ್ತಿದ್ದೆ. ಆಮೇಲೆ ಒಳಗೆ ಹೋಗಿ ಟಿಫನ್ ಡಬ್ಬಿ ತಂದುಕೊಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ. ರಗಳೆ ಮಾಡುವವಳಲ್ಲ ನನ್ನ ರಶ್ಮಿ, ಅದೇ ಅವಳಲ್ಲಿ ನನಗೆ ಇಷ್ಟವಾದದ್ದು.

ಅವಳ ಸ್ಕೂಟಿಯ ಬ್ರೇಕು ಯಾಕೋ ಸರಿ ಇಲ್ಲ ಎನ್ನಿಸುತ್ತಿದೆ. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಆ ಲಾರಿಗಳ ಮಧ್ಯೆ, ಅದೂ ಆ ಕೈಯಲ್ಲಿ. ಸರ್ವೀಸಿಗೆ ಬಿಡುತ್ತೇನೆ. ಅದು ಬರುವವರೆಗೆ ಕಾರಿನಲ್ಲಿ ನಾನೇ ಬಿಟ್ಟು ನಾನೇ ಕರೆತರುತ್ತೇನೆ.

ನವೆಂಬರ್ 18, ಮಂಗಳವಾರ

ಇವತ್ತು ಬೆಳಿಗ್ಗೆ ಮತ್ತೊಂದು ಮೆಸೇಜ್. ಪ್ರಯಾಣದ ದಿನ ಬದಲಾಗಿದೆ. ಹೊಸ ದಿನ ನವೆಂಬರ್ 28, ಶುಕ್ರವಾರ, ಬರ್ತ್ ನಂಬರ್ 9.

ಗ್ರೈಂಡಿಂಗ್ ಮಷೀನಿನ ಮುಂದೆ ನಿಂತಿದ್ದೆ. ಮಷೀನು ಆಫ್ ಮಾಡಿ ಹೊರಗೆ ಬಂದೆ. ಇಷ್ಟು ದಿನ ಐಸ್‌ಕ್ರೀಂ ಕೊಡಿಸಿದ್ದು, ಡ್ರೈವರಿನ ಹಾಗೆ ಬಿಟ್ಟು ಕರೆತಂದದ್ದು ಯಾವುದಕ್ಕೂ ಬೆಲೆ ಇಲ್ಲ. ದಿನ ಮುಂದಕ್ಕೆ ಹೋಗಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಹಿಂದಕ್ಕೆ ಎಳೆದುಕೊಂಡಿದ್ದಾಳೆ.

ಕಾರು ತೆಗೆದುಕೊಂಡು ವಾದಿರಾಜನ ಹತ್ತಿರ ಹೋದೆ. ಒಂದು ಸಲ ದಿನ ಬದಲಿಸಿದ ಫ್ಲೆಕ್ಸಿ ಆಮೇಲೆ ಏನಾಗುತ್ತದೆ ಎಂದು ಕೇಳಿದೆ.

"ಸೇವರ್ ಆದ ಹಾಗೇ ಸಾರ್. ಇನ್ನು ಬದ್ಲಾಯ್ಸಕ್ಕೆ ಬರಲ್ಲ, ಕ್ಯಾನ್ಸಲ್ಲೂ ಇಲ್ಲ."

"28ಕ್ಕೆ ನನ್ಗೂ ಒಂದು ಬೇಕು. ಒಂಬತ್ತನೇ ಬರ್ತ್ ಪಕ್ಕದ್ದು ಕೊಡಿ."

ಕಂಪ್ಯೂಟರು ನೋಡಿ ತಲೆ ಆಡಿಸಿದ. "ಅಲ್ಲಿ ಒಬ್ರೇ ಲೇಡಿ ಬುಕ್ ಮಾಡಿದಾರೆ. ಪಕ್ಕದ್ದು ಲೇಡೀಸ್‌ಗೆ ಮಾತ್ರ ಹೋಗುತ್ತೆ. ಗಂಡಸ್ರ ಹೆಸ್ರು ಹಾಕಿದ್ರೆ ಸಿಸ್ಟಮ್ಮೇ ತಗೋಳಲ್ಲ."

"ಅವಳು ನನ್ನ ಹೆಂಡ್ತಿ ಕಣ್ರೀ."

ವಾದಿರಾಜ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡ. "ಹಂಗಾದ್ರೆ ಮೇಡಂ ಜೊತೆ ಮಾತಾಡಿ, ಇಬ್ರೂ ಒಟ್ಟಿಗೆ ಬುಕ್ ಮಾಡ್ಬೋದಿತ್ತಲ್ಲ ಸಾರ್?"

ಮಾಡಬಹುದಿತ್ತು, ಅವಳು ಮಾಡಲಿಲ್ಲ, ಅಷ್ಟೆ. ಅವಳ ಹಿಂದಿನ ಬರ್ತ್ ಖಾಲಿ ಇತ್ತು, ಅದನ್ನೇ ತೆಗೆದುಕೊಂಡೆ. ಸೇವರ್. ಕೋಪವೇನೂ ಇಲ್ಲ. ಬಸ್ಸು ಹತ್ತಿ ಅವಳ ಪಕ್ಕ ನಿಂತಾಗ ಅವಳ ಮುಖ ಹೇಗಾಗುತ್ತದೆ ಎಂದು ನೋಡಬೇಕು. ಆಮೇಲೆ ಇಬ್ಬರೂ ಇಳಿದು ಮನೆಗೆ ಬರುವುದು.

ನವೆಂಬರ್ 20, ಗುರುವಾರ

ಸ್ಕೂಟಿ ಯಾವಾಗ ಬರುತ್ತೆ ಎಂದಳು. ಪಾರ್ಟ್ಸ್ ಸಿಕ್ಕಿಲ್ಲ ಎಂದೆ.

ನವೆಂಬರ್ 24, ಸೋಮವಾರ

ಅವಳನ್ನು ಶಾಲೆಯ ಗೇಟಿನಲ್ಲಿ ಇಳಿಸಿದ ಮೇಲೆ ನಾನು ಹಿಂಬದಿಯ ಬಾಗಿಲಿನಿಂದ ಹೋಗಿ ಪ್ರಿನ್ಸಿಪಾಲರನ್ನು ಕಂಡೆ. ಅವಳಿಗೆ ಸ್ವಲ್ಪ ದಿನದಿಂದ ಮನಸ್ಸು ಸರಿ ಇಲ್ಲ, ಏನೇನೋ ಕಲ್ಪಿಸಿಕೊಳ್ಳುತ್ತಾಳೆ, ಡಿಸೆಂಬರಿನಿಂದ ಕೆಲಸ ಬಿಡಿಸುತ್ತಿದ್ದೇನೆ ಎಂದು ತಿಳಿಸಿದೆ. ಕರ್ಚೀಫು ತೆಗೆದು ಕಣ್ಣೊರೆಸಿಕೊಂಡೆ. ಅವರು ನೀರು ಕೊಟ್ಟರು. ಹೆಂಡತಿಯ ಬಗ್ಗೆ ಹೀಗೆ ಬೇರೆಯವರ ಮುಂದೆ ಹೇಳುವ ಕಷ್ಟ ಯಾರಿಗೂ ಬರಬಾರದು.

ಹೊರಗೆ ಕಾರಿಡಾರಿನಲ್ಲಿ ಆಯಾ ಪುಷ್ಪಮ್ಮ ನೆಲ ಒರೆಸುತ್ತಿದ್ದಳು. ನಾನು ಹೋಗುವಾಗ ಒರೆಸುತ್ತಿದ್ದ ಜಾಗವನ್ನೇ ಬರುವಾಗಲೂ ಒರೆಸುತ್ತಿದ್ದಳು.

ಸಂಜೆ ಅವಳ ಫೋನು ನನ್ನ ಹತ್ತಿರ ಇಟ್ಟುಕೊಂಡೆ. ರಾತ್ರಿಯೆಲ್ಲ ಅದನ್ನು ನೋಡಿ ನೋಡಿ ತಲೆನೋವು ತಂದುಕೊಳ್ಳುತ್ತಾಳೆ. ಸುಮ್ಮನೆ ಕೊಟ್ಟಳು, ಲಾಕಿನ ನಂಬರನ್ನೂ ಹೇಳಿದಳು. ಅದರಲ್ಲಿ ಏನೂ ಇರಲಿಲ್ಲ.

ನವೆಂಬರ್ 27, ಗುರುವಾರ

ಅವಳು ಬೇಗ ಮಲಗಿದಳು. ನಾನು ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ದಿಂಬಿನ ಕೆಳಗಿಟ್ಟೆ. ಬಿಪಿ ನೋಡಿಕೊಂಡೆ, ನಾರ್ಮಲ್ ಇದೆ. ಡಾಕ್ಟರ ಸಲಹೆ ಪುಕ್ಕಟೆಯಾದರೂ ಕೆಲಸಕ್ಕೆ ಬಂದಿದೆ.

ನವೆಂಬರ್ 28, ಶುಕ್ರವಾರ

ಎಲ್ಲವನ್ನೂ ಸಾಲಾಗಿ ಬರೆಯುತ್ತೇನೆ, ಎಲ್ಲಿ ತಪ್ಪಿತು ಎಂದು ಗೊತ್ತಾಗಬೇಕು.

ಬೆಳಿಗ್ಗೆ ಎಂದಿನಂತೆ ಬಿಟ್ಟೆ. ನೀಲಿ ಸೀರೆ, ದಿನಾ ಒಯ್ಯುವ ಬ್ಯಾಗು, ಟಿಫನ್ ಡಬ್ಬಿ. ಊರಿಗೆ ಹೋಗುವವರ ಯಾವ ಲಕ್ಷಣವೂ ಇಲ್ಲ. ಸಂಜೆ ಕರೆತರಲು ಹೋದಾಗ ಮಕ್ಕಳೆಲ್ಲ ಹೋಗಿ ಆಗಿತ್ತು, ಅವಳು ಬರಲಿಲ್ಲ. ಗೇಟಿನಲ್ಲಿ ಪುಷ್ಪಮ್ಮ ನಿಂತಿದ್ದಳು.

"ಮೇಡಂ ಎಲ್ಲಿ?"

"ಊಟದ ಬೆಲ್ ಹೊತ್ತಿಗೇ ಹೋದ್ರಲ್ಲ ಸಾರ್. ಅರ್ಧ ದಿನ ರಜ."

"ಎಲ್ಲಿಗೆ? ಯಾತರಲ್ಲಿ?"

"ಬಸ್ಸಲ್ಲಿ. ಸರ್ಕಾರಿ ಬಸ್ಸು. ನಾನೇ ಹತ್ತಿಸ್ಬಂದೆ."

"ಯಾವ ಊರಿನ ಬೋರ್ಡು ಇತ್ತು?"

"ನಂಗೆ ಓದಕ್ಕೆ ಬರಲ್ಲ ಸಾರ್" ಎಂದಳು ಪುಷ್ಪಮ್ಮ. ದಿನಾ ಸಂಜೆ ಮಕ್ಕಳ ಬ್ಯಾಗಿನ ಮೇಲಿನ ಹೆಸರು ಓದಿ ಓದಿ ಗೇಟಿನಲ್ಲಿ ಕೂಗುವವಳು ಇವಳೇ. ನನಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಲಿಲ್ಲ. ವಾಚ್‌ಮನ್ ಕುರ್ಚಿಯಿಂದ ಎದ್ದು ಅವಳ ಪಕ್ಕ ಬಂದು ನಿಂತಿದ್ದ.

ಕಾರಿನಲ್ಲಿ ಕೂತು ಯೋಚಿಸಿದೆ. ಅಂಗಡಿಗೋ, ಗೆಳತಿಯ ಮನೆಗೋ ಹೋಗಿರಬೇಕು, ಎಂಟು ಗಂಟೆಯವರೆಗೆ ಹೊತ್ತು ಕಳೆಯಬೇಕಲ್ಲ. ಕೈಯಲ್ಲಿ ಎಸಿ ಸ್ಲೀಪರಿನ ಟಿಕೆಟ್ ಇದೆ, ಅದೂ ಇನ್ನು ಬದಲಿಸಲಾಗದ, ಬಿಟ್ಟರೆ ಒಂದು ರೂಪಾಯಿಯೂ ಬಾರದ ಟಿಕೆಟ್. ಕೊತ್ತಂಬರಿ ದಂಟು ಬಿಸಾಡದವಳು ಅದನ್ನು ಬಿಟ್ಟಾಳೆಯೇ? ಈ ಲೆಕ್ಕ ತಪ್ಪುವುದು ಸಾಧ್ಯವೇ ಇರಲಿಲ್ಲ. ಸಮಾಧಾನದಿಂದ ಹೋಗಿ ಕಾಫಿ ಕುಡಿದೆ.

ಬಸ್ಸು ಬಂತು. ನಾನು ಎಲ್ಲರಿಗಿಂತ ಮೊದಲು ಹತ್ತಿದೆ. ಒಂಬತ್ತನೇ ಬರ್ತಿನ ಪರದೆ ಸರಿಸಿದೆ. ಮಡಿಸಿಟ್ಟ ಹೊದಿಕೆ, ನೀರಿನ ಬಾಟಲಿ. ನನ್ನ ಬರ್ತಿನಲ್ಲಿ ಪರದೆ ಎಳೆದುಕೊಂಡು, ಸಂದಿಯಲ್ಲಿ ಕಣ್ಣಿಟ್ಟು ಕೂತೆ. ಹತ್ತುವವರ ಕಾಲುಗಳೆಲ್ಲ ಕಾಣುತ್ತಿದ್ದವು. ಬಸ್ಸು ಹೊರಟೇಬಿಟ್ಟಾಗ ಡ್ರೈವರಿನ ಹತ್ತಿರ ಓಡಿದೆ, ಒಂಬತ್ತನೇ ನಂಬರಿನವರು ಬಂದಿಲ್ಲ, ನಿಲ್ಲಿಸಿ ಎಂದೆ.

"ಫೋನ್ ಮಾಡಿದ್ವಿ, ಯಾರೋ ಗಂಡಸ್ರ ನಂಬರ್, ಎಂಗೇಜ್ ಬರ್ತಿದೆ. ನೋ ಶೋ ಅಂತ ಹಾಕಿದೀವಿ. ನೀವು ಕೂತ್ಕೊಳ್ಳಿ ಸಾರ್" ಎಂದ.

ಆ ನಂಬರು ನನ್ನದೇ. ನಾನು ಆಗ ಅವಳ ಶಾಲೆಯವರಿಗೆ ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡುತ್ತಿದ್ದೆ. ಮುಂದಿನ ಸರ್ಕಲ್ಲಿನಲ್ಲಿ ಜಗಳ ಮಾಡಿ ಇಳಿದೆ.

ಆಟೋದಲ್ಲಿ ವಾಪಸ್ ಬರುವಾಗ ಎದುರಿನಿಂದ ಒಂದು ಕೆಂಪು ಬಸ್ಸು ಬಂತು. ಒಳಗೆ ಲೈಟು ಉರಿಯುತ್ತಿತ್ತು, ತುಂಬಾ ಹೆಂಗಸರು. ಆಗ ತಲೆಗೆ ಹೊಳೆಯಿತು. ಸೇವರ್, ಫ್ಲೆಕ್ಸಿ, ರಿಫಂಡ್ ಎಲ್ಲವನ್ನೂ ಕಂಠಪಾಠ ಮಾಡಿದ ನಾನು ಹೆಂಗಸರ ಶೂನ್ಯ ದರದ ಟಿಕೆಟನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದಕ್ಕೆ ಬುಕಿಂಗ್ ಬೇಡ. ನನ್ನ ಫೋನಿಗೆ ಮೆಸೇಜ್ ಬರುವುದಿಲ್ಲ. ಕಂಡಕ್ಟರಿಗೆ ಯಾವುದೋ ಒಂದು ಗುರುತಿನ ಚೀಟಿ ತೋರಿಸಿದರೆ ಹರಿದು ಕೊಡುತ್ತಾನೆ, ಅದರ ಮೇಲೆ ಹೆಸರೂ ಇರುವುದಿಲ್ಲ. ಒಂದು ಬಸ್ಸಿನಿಂದ ಇಳಿದು ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ, ಬೆಳಗಾವಿಯವರೆಗೂ ಹೀಗೇ ಹೋಗಬಹುದು.

ಮನೆಗೆ ಬಂದು ಅವಳ ಬೀರು ತೆಗೆದೆ. ಸೀರೆಗಳೆಲ್ಲ ಇದ್ದವು. ಕಾಲೇಜಿನ ಸರ್ಟಿಫಿಕೇಟುಗಳು ಮಾತ್ರ ಇರಲಿಲ್ಲ. ದಿನಕ್ಕೊಂದರಂತೆ ಪೇಪರುಗಳ ನಡುವೆ ಒಯ್ದಿರಬೇಕು, ನನ್ನದೇ ಕಾರಿನಲ್ಲಿ.

ನವೆಂಬರ್ 29, ಶನಿವಾರ

ಸಂಜೆಗೆ ಕವನ ಫೋನು ಎತ್ತಿದಳು.

"ಅಕ್ಕ ನಮ್ಮನೇಲಿ ಇದಾಳೆ. ಮಲಗಿದಾಳೆ, ಎಬ್ಬಿಸಲ್ಲ. ನೀವು ಬರ್ಬೇಡಿ ಭಾವ."

"ಗಂಡ ಹೆಂಡ್ತಿ ಮಧ್ಯೆ ನೀನು ಬರ್ಬೇಡ. ಅವಳ ಹೆಸರಲ್ಲಿ ನಿನ್ನೆ ಟಿಕೆಟ್ ಇತ್ತು, ಅದನ್ನ ಬಿಟ್ಟು ಹೇಗೆ ಬಂದ್ಲು?"

"ಮೊದಲು ಅದರಲ್ಲೇ ಬರೋಳಿದ್ಲು. ಆಧಾರ್ ಕಾಣೆಯಾದ ದಿನ ನಿಮಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಯ್ತು. ಆಮೇಲೆ ದಿನ ಬದ್ಲಾಯ್ಸಿದ್ದು ನಿಮಗೋಸ್ಕರ. ನೀವು ಆ ಬಸ್ಸನ್ನೇ ಕಾಯ್ತಾ ಕೂತಿರ್ಲಿ ಅಂತ. ಕೈ ಎಕ್ಸ್‌ರೇ ತೆಗ್ಸಿದೀವಿ. ಮೂಳೆ ಬಿರುಕು ಬಿಟ್ಟಿದೆ. ಸ್ಟೇಷನ್ನಲ್ಲೂ ಬರ್ಕೊಟ್ಟಿದೀವಿ."

ಬಾಗಿಲು ಬಡಿದದ್ದಕ್ಕೆ ಸ್ಟೇಷನ್ನು ಏನು ಮಾಡುತ್ತದೆ? ನನಗೆ ನಗು ಬಂತು, ನಕ್ಕೆ. ಕವನ ಫೋನಿಟ್ಟಳು. ಮತ್ತೆ ಮಾಡಿದರೆ ಹೋಗುತ್ತಿಲ್ಲ.

ಇದು ರಶ್ಮಿಯ ಬುದ್ಧಿ ಅಲ್ಲ. ಅವಳಿಗೆ ಇಷ್ಟೆಲ್ಲ ಬರುವುದಿಲ್ಲ. ಪಕ್ಕದಲ್ಲಿ ನಾನಿದ್ದರೆ ಸರಿ ಹೋಗುತ್ತಾಳೆ.

ಡಿಸೆಂಬರ್ 3, ಬುಧವಾರ

ಬಿಪಿ ನಾರ್ಮಲ್. ವರ್ಕ್‌ಶಾಪಿಗೆ ಒಂದು ವಾರ ರಜೆ ಹಾಕಿದ್ದೇನೆ. ಮನೆ ಗುಡಿಸಿ, ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ ಹೊಸ ಚಿಲಕ ಹಾಕಿಸಿದೆ, ಹಳೆಯದು ಸಡಿಲವಾಗಿತ್ತು.

ಸಂಜೆ ಬುಕಿಂಗ್ ಆಫೀಸಿಗೆ ಹೋದೆ. ಶುಕ್ರವಾರ ಬೆಳಗಾವಿಗೆ ಒಂದು, ಶನಿವಾರ ಬೆಳಗಾವಿಯಿಂದ ಶಿವಮೊಗ್ಗಕ್ಕೆ ಎರಡು ಎಂದೆ.

"ಬರೋವಾಗ ಎರಡನೇದು ಯಾರ ಹೆಸ್ರಿಗೆ ಸಾರ್?" ಎಂದ ವಾದಿರಾಜ.

"ನನ್ನ ಹೆಂಡ್ತಿದು."

"ಮೇಡಂ ಬರ್ತೀನಿ ಅಂದಿದಾರಾ?"

"ಅವಳೇನು ಅನ್ನೋದು? ಟಿಕೆಟ್ ಕೊಡಿ."

ಅವನು ಕೀಬೋರ್ಡಿನಿಂದ ಕೈ ತೆಗೆದ. "ಸರ್ವರ್ ಡೌನ್ ಆಗಿದೆ ಸಾರ್" ಎಂದ. ನನ್ನ ಹಿಂದೆ ನಿಂತಿದ್ದವರಿಗೆ ಆಗಲೇ ಹುಬ್ಬಳ್ಳಿಗೆ ಟಿಕೆಟ್ ಪ್ರಿಂಟ್ ಆಗಿ ಬರುತ್ತಿತ್ತು. ಈಗಿನ ಆಫೀಸುಗಳ ಕಥೆಯೇ ಇಷ್ಟು. ನಾನು ಜಗಳಕ್ಕೆ ಹೋಗಲಿಲ್ಲ. ಹೊರಗೆ ಕಾರಿನಲ್ಲಿ ಕೂತು ಫೋನಿನಲ್ಲೇ ಮಾಡಿದೆ. ಬುಕಿಂಗ್ ಎಲ್ಲ ನನ್ನ ನಂಬರಿನಲ್ಲೇ ಇದೆ, ಯಾರನ್ನೂ ಕೇಳಬೇಕಾಗಿಲ್ಲ.

ಹೋಗುವುದಕ್ಕೆ ಒಂದು ಸಿಂಗಲ್ ಬರ್ತ್. ಬರುವುದಕ್ಕೆ ಡಬಲ್. ಇಬ್ಬರದೂ ಒಟ್ಟಿಗೇ ಬುಕ್ ಮಾಡಿದರೆ ಸಿಸ್ಟಮ್ ತಕರಾರು ಮಾಡುವುದಿಲ್ಲ ಎಂದು ವಾದಿರಾಜನೇ ಹೇಳಿಕೊಟ್ಟದ್ದು. ಕಿಟಕಿಯ ಬದಿ ಅವಳಿಗೆ, ಓಡಾಡುವ ಬದಿ ನನಗೆ. ಹೆಸರು ರಶ್ಮಿ ಪ್ರಸನ್ನಕುಮಾರ್, ಹೆಣ್ಣು, ವಯಸ್ಸು ಮೂವತ್ತಮೂರು. ಗುರುತಿನ ಚೀಟಿಗೆ ಅವಳ ಆಧಾರ್ ನಂಬರು ಹಾಕಿದೆ.

ಮೂರು ಬಗೆಯ ದರ ಬಂತು. ಸೇವರ್ ಒತ್ತಿದೆ. ಈ ಟಿಕೆಟ್ ಬದಲಿಸಲು ಬರುವುದಿಲ್ಲ, ರದ್ದು ಮಾಡಲು ಬರುವುದಿಲ್ಲ, ಪ್ರಯಾಣಿಕರಿಬ್ಬರ ಪರವಾಗಿ ಒಪ್ಪುತ್ತೀರಾ ಎಂದು ಕೇಳಿತು.

ಇಬ್ಬರ ಪರವಾಗಿಯೂ ಒಪ್ಪಿದೆ.